ಸರ್ಪಕ್ಕೆ ಸಿಟ್ಟು ಬಂದ ಮಳೆಗಾಲ

ಕಳೆದ ತಿಂಗಳು ನಮ್ಮ ಕಟ್ಟಡದ ರಿಪೇರಿ ಶುರುವಾಯಿತು. ಕೆಳಗೆ ಪೇರಿಸಿಟ್ಟಿದ್ದ ಸಿಮೆಂಟಿನ ಖಾಲಿ ಚೀಲಗಳು ಮೊದಲ ಮಳೆಗೆ ನೆನೆದವು. ಅದೇ ಹೊತ್ತಿಗೆ ವಾಚ್‌ಮನ್ ಮೆಟ್ಟಿಲಿಗೆ ಫಿನಾಯಿಲ್ ಹಾಕಿ ಒರೆಸುತ್ತಿದ್ದ. ಎರಡೂ ವಾಸನೆ ಕೂಡಿ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ತರಕಾರಿ ಚೀಲವನ್ನು ಪಕ್ಕಕ್ಕಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. “ಕ್ಯಾ ಹುವಾ ಆಂಟಿ, ಚಕ್ಕರ್ ಆಯಾ ಕ್ಯಾ?” ಎಂದು ಅವನು ಗಾಬರಿಯಾದ. ತಲೆ ಸುತ್ತಲಿಲ್ಲಪ್ಪಾ, ನಾಗಪ್ಪ ನೆನಪಾದ ಎಂದು ಅವನಿಗೆ ಹೇಗೆ ಹೇಳಲಿ? ಶೆಟ್ಟಿ ಡಾಕ್ಟರು ನೆನಪಾದರು. ಬಸಪ್ಪ, ಶರಣಮ್ಮ ನೆನಪಾದರು. ತೊಂಬತ್ತರ ದಶಕದ ನಡುವಿನ ಆ ಒಂದು ಮಳೆಗಾಲ ಪೂರ್ತಿಯಾಗಿ ಬಂದು ಪಕ್ಕದಲ್ಲಿ ಕೂತಿತು.

ಆಗ ನಾವು ಹುಬ್ಬಳ್ಳಿಯಿಂದ ಠಾಣೆಯ ವರ್ತಕ ನಗರಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮವರಿಗೆ ಫ್ಯಾಕ್ಟರಿಯಲ್ಲಿ ಕೆಲಸ. ಬೆಳಿಗ್ಗೆ ಡಬ್ಬಿ ಹಿಡಿದು ಹೋದರೆ ಸಂಜೆಯೇ ಬರುವುದು. ನನಗೋ ಮಾತಾಡದಿದ್ದರೆ ಉಂಡದ್ದು ಅರಗುವುದಿಲ್ಲ. ಅಕ್ಕಪಕ್ಕದವರ ಮರಾಠಿ ಅರ್ಥವಾಗುತ್ತಿತ್ತು, ಆದರೆ ಜಗಳವಾಡುವಷ್ಟು ಬರುತ್ತಿರಲಿಲ್ಲ. ಜಗಳವಾಡಲು ಬಾರದ ಭಾಷೆಯಲ್ಲಿ ಮಾತಾಡಿ ಏನು ಸುಖ? ಹೀಗೆ ಗೋಡೆಯ ಜೊತೆ ಮಾತಾಡುವ ಸ್ಥಿತಿಗೆ ಬಂದಿದ್ದಾಗ, ಮೇ ತಿಂಗಳ ಒಂದು ಮಧ್ಯಾಹ್ನ, ಕಾಗೆಗಳು ಅಟ್ಟಿಸಿಕೊಂಡು ಬಂದ ಗಂಡು ಕೋಗಿಲೆಯೊಂದು ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಿತ್ತು. ರೆಕ್ಕೆ ಜೋತುಬಿದ್ದಿತ್ತು. ನಾನು ಅದಕ್ಕೆ ಮೊಸರನ್ನ ಕಲಸಿ ಇಟ್ಟೆ. ಅದು ಕೆಂಪು ಕಣ್ಣಿನಿಂದ ಮೊಸರನ್ನವನ್ನೂ ನನ್ನನ್ನೂ ಒಂದೇ ರೀತಿ ನೋಡಿತು.

ಮಾವಿನಹಣ್ಣಿನ ಖಾಲಿ ಪೆಟ್ಟಿಗೆಯಲ್ಲಿ ಅದನ್ನಿಟ್ಟುಕೊಂಡು, ಅವರಿವರನ್ನು ಕೇಳುತ್ತಾ ಪ್ರಾಣಿಗಳ ಡಾಕ್ಟರ್ ವಿಠಲ ಶೆಟ್ಟರ ದವಾಖಾನೆ ಹುಡುಕಿಕೊಂಡು ಹೋದೆ. ಮಾರ್ಕೆಟ್ಟಿನ ಹಿಂದೆ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ, ಶಟರ್ ಇರುವ ಎರಡು ಕೋಣೆ. ಶೆಟ್ಟಿ ಅಂದರೆ ಹೋಟೆಲ್ಲೇ ಎಂದು ನಂಬಿದ ಊರು ಇದು. ಬೋರ್ಡಿನಲ್ಲಿ ಹೆಸರು ನೋಡಿ ಇಡ್ಲಿ ಕೇಳಿಕೊಂಡು ಒಳಗೆ ಬಂದವರೂ ಇದ್ದರು. ಡಾಕ್ಟರು ಐವತ್ತರ ಆಸುಪಾಸಿನವರು, ಸಪೂರ ಆಳು, ಮಂಗಳೂರಿನ ಕಡೆಯವರು. ಮನೆ ಠಾಕುರ್ಲಿಯಲ್ಲಿ. ಅಲ್ಲಿಂದ ದಿನಾ ಲೋಕಲ್ ಹಿಡಿದು ಬರುತ್ತಿದ್ದರು.

ಕೋಗಿಲೆಯ ರೆಕ್ಕೆಗೆ ಪಟ್ಟಿ ಕಟ್ಟಿದ ಮೇಲೆ ನಾನು ಪರ್ಸ್ ತೆಗೆದೆ.

“ಕೋಗಿಲೆ ನಿಮ್ಮದಾ?” ಎಂದರು.

“ಅಲ್ರಿ.”

“ಮತ್ತೆ ನೀವ್ಯಾಕೆ ಕೊಡುದು? ಅದರ ಹತ್ರ ಕೇಳ್ತೇನೆ, ಕೊಟ್ಟರೆ ತಗೊಳ್ತೇನೆ.”

ಇದು ಅವರ ಪದ್ಧತಿ. ಬೆಳಿಗ್ಗೆ ನಾಯಿ, ಬೆಕ್ಕು, ತಬೇಲಾ ಕೊಟ್ಟಿಗೆಯ ಎಮ್ಮೆಗಳು. ಅದು ಹೊಟ್ಟೆಪಾಡು. ಮಧ್ಯಾಹ್ನ ಊಟವಾದ ಮೇಲೆ ಶಟರನ್ನು ಅರ್ಧ ಇಳಿಸುತ್ತಿದ್ದರು. ಆಮೇಲೆ ಬರುವುದೆಲ್ಲ ಯಾರಿಗೂ ಸೇರದ ಜೀವಗಳು: ಗೂಬೆ, ಹದ್ದು, ಉಡ, ಆಮೆ, ಮುಂಗುಸಿ, ಹಾವು. ಅವಕ್ಕೆ ಪೈಸೆ ಇಲ್ಲ. ಆದರೆ ನಿಯಮ ಉಂಟು. ಒಳಗೆ ಮಾತಾಡಬಾರದು. ಸವರಬಾರದು, ಮುದ್ದು ಮಾಡಬಾರದು, ಹೆಸರಿಡಬಾರದು. ಪಂಜರದ ಮೇಲೆ ಬಟ್ಟೆ ಮುಚ್ಚಿರಬೇಕು. ಅವರನ್ನು ಕೇಳದೆ ಬಾಯಿಗೆ ಏನೂ ಹಾಕಬಾರದು. “ನಾಯಿಗೆ ನಾವು ಅಂದ್ರೆ ಮನೆಯವರು. ಇವಕ್ಕೆ ನಾವು ಅಂದ್ರೆ ಹುಲಿ. ಹುಲಿ ಬಂದು ತಲೆ ನೇವರಿಸಿದ್ರೆ ನಿಮಗೆ ಹೇಗಾದೀತು?” ಎಂದು ಪಿಸುಮಾತಿನಲ್ಲೇ ಕೇಳಿದರು. ಮಾತಿಗಾಗಿ ಹಸಿದು ಕೂತಿದ್ದ ನಾನು ಇಡೀ ಠಾಣೆಯಲ್ಲಿ ಮಾತು ನಿಷಿದ್ಧವಾಗಿದ್ದ ಒಂದೇ ಜಾಗಕ್ಕೆ ಹೋಗಿ ಸಿಕ್ಕಿಬಿದ್ದಿದ್ದೆ. ನನ್ನ ಹಣೆಬರಹ!

ಕೋಗಿಲೆ ನೋಡುವ ನೆಪದಲ್ಲಿ ಮರುದಿನ ಹೋದೆ, ಅದರ ಮರುದಿನವೂ ಹೋದೆ. ಅದು ಹಾರಿಹೋದ ಮೇಲೂ ಹೋದೆ. ಹತ್ತಿ ಕತ್ತರಿಸುವುದು, ಪಟ್ಟಿ ಒಗೆದು ಕುದಿಸುವುದು, ಪಂಜರ ತೊಳೆಯುವುದು, ಫಿನಾಯಿಲ್ ಹಾಕಿ ನೆಲ ಒರೆಸುವುದು ಕಲಿತೆ. ಬಂದವರ ಜೊತೆ ಶಟರಿನ ಹೊರಗೆ ನಿಂತು ಮಾತಾಡುವ ಕೆಲಸವನ್ನು ಡಾಕ್ಟರು, “ಅದು ಸುಮಿತ್ರಮ್ಮಂದು,” ಎಂದು ನನಗೇ ಬಿಟ್ಟರು. ಅದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಜನ ಎಲ್ಲೆಲ್ಲಿಂದ ಬರುತ್ತಿದ್ದರು ಅಂತೀರಿ! ಠಾಕುರ್ಲಿಯ ಹಳಿ ಪಕ್ಕ ಬಿದ್ದ ಹದ್ದನ್ನು ರೈಲ್ವೆ ಗ್ಯಾಂಗ್‌ಮನ್ ಒಬ್ಬ ತನ್ನ ಅಂಗಿ ಬಿಚ್ಚಿ ಸುತ್ತಿಕೊಂಡು, ಬನಿಯನ್ನಿನಲ್ಲೇ ಲೋಕಲ್ ಹತ್ತಿ ಬಂದಿದ್ದ. ಕೋಪರಖೈರಣೆಯ ಹಮಾಲನೊಬ್ಬ ಮೀನಿನ ಬಲೆಗೆ ಸಿಕ್ಕಿ ಕಾಲು ಕೊಯ್ದುಕೊಂಡ ಬಕವನ್ನು ಈರುಳ್ಳಿ ಚೀಲದಲ್ಲಿ ತಂದಿದ್ದ. ಇವರಿಗೆಲ್ಲ ಒಂದು ದಿನದ ಕೂಲಿ ಹೋಗಿತ್ತು. ಯಾರೂ ಅದನ್ನು ಹೇಳಿಕೊಳ್ಳಲಿಲ್ಲ. ಮುಂಬಯಿ ಕಡೆಯ ಜನಕ್ಕೆ ಮನಸ್ಸಿಲ್ಲ, ಬರೀ ಗಡಿಯಾರ ಇದೆ ಎಂದು ಊರಿಗೆ ಕಾಗದ ಬರೆಯುತ್ತಿದ್ದವಳು ನಾನು. ಆ ಬೇಸಿಗೆಯಲ್ಲಿ ಅದನ್ನು ಬರೆಯುವುದು ಬಿಟ್ಟೆ.

ಜೂನ್ ಶುರುವಾಗಿ ಮೊದಲ ಮಳೆ ಬಿದ್ದ ವಾರ ಬಸಪ್ಪ, ಶರಣಮ್ಮ ಬಂದರು.

ಗಂಡ ಹೆಂಡತಿ ಇಬ್ಬರೂ ಕಲಬುರಗಿ ಕಡೆಯವರು. ಯೇವೂರು ಬೆಟ್ಟದ ಬುಡದಲ್ಲಿ ಏಳುತ್ತಿದ್ದ ಹೊಸ ಬಿಲ್ಡಿಂಗಿನ ಕೆಲಸಕ್ಕೆ ಬಂದು, ಅಲ್ಲೇ ತಗಡಿನ ಜೋಪಡಿಯಲ್ಲಿ ಇದ್ದರು. ಬಸಪ್ಪ ಪಾಯ ತೋಡುವವನು, ಶರಣಮ್ಮ ಬುಟ್ಟಿ ಹೊರುವವಳು. ಅವನು ಮೊಳಕಾಲುದ್ದ ಕೆಸರು ಮೆತ್ತಿಕೊಂಡು, ಎರಡೂ ತೋಳಿನಲ್ಲಿ ಒದ್ದೆ ಸಿಮೆಂಟ್ ಚೀಲವನ್ನು ಅಪ್ಪಿಕೊಂಡು ನಿಂತಿದ್ದ. ಮಾತೆಲ್ಲ ಅವಳದೇ.

“ಯಕ್ಕಾ, ಡಾಕ್ಟರ್ ಎಲ್ಲಿ ಹಾರ್ರಿ? ನಾಗಪ್ಪಗ ಸಲಿಕಿ ಬಿದ್ದದರಿ! ನಮ್ಮ ಯಜಮಾನ್ರ ಕೈಯಾಗಿಂದ ಬಿದ್ದದ! ಮಣ್ಣಾಗ ಇದ್ದದ್ದು ಕಾಣ್ಲಿಲ್ರಿ ಯಕ್ಕಾ!” ಎನ್ನುತ್ತಾ ಎದೆ ಎದೆ ಬಡಿದುಕೊಂಡಳು.

ನಾನು ಚೀಲದಿಂದ ಎಷ್ಟು ದೂರ ಹಾರಿದೆನೆಂದರೆ ಗಿರಣಿಯವನ ಹಿಟ್ಟಿನ ಡಬ್ಬಿ ಉರುಳಿತು. ಡಾಕ್ಟರು ಹೊರಬಂದು ಚೀಲ ಇಸಿದುಕೊಂಡರು. ಒಳಗೆ ಹೋಗುವ ಮೊದಲು ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಎಮ್ಮೆಗೂ ಉಡಕ್ಕೂ ಬಿಡದ ಚಪ್ಪಲಿಯನ್ನು ಇದಕ್ಕೆ ಬಿಟ್ಟದ್ದು ನೋಡಿ ಆಮೇಲೆ ನಾನು ಕೆಣಕಿದೆ, “ಏನ್ರಿ ಡಾಕ್ಟ್ರೇ, ಸಾಯನ್ಸ್ ಓದೀರಿ, ಮತ್ತ ಚಪ್ಪಲಿ ಯಾಕ ಬಿಟ್ರಿ?” ಅವರು ನಕ್ಕರು. “ಓದಿದ್ದು ತಲೆ ಅಲ್ವಾ ಮಾರಾಯ್ತಿ. ಕಾಲು ನಮ್ಮ ಊರಿನದ್ದೇ ಉಂಟು.”

ಗೋಧಿ ಬಣ್ಣದ ಉದ್ದನೆಯ ನಾಗರಹಾವು. ನಡುಮೈಗೆ ಸಲಿಕೆಯ ಏಟು ಬಿದ್ದು ಮಾಂಸ ಬಾಯಿ ಬಿಟ್ಟಿತ್ತು. ಆದರೆ ಡಾಕ್ಟರ ಮುಖ ಕಪ್ಪಿಟ್ಟದ್ದು ಗಾಯ ನೋಡಿ ಅಲ್ಲ. ಗಾಯದ ತುಂಬ ಅರಿಶಿನ ಗಟ್ಟಿಯಾಗಿ ಮೆತ್ತಿತ್ತು. ಹಾವಿನ ಬಾಯಿಯ ಅಂಚಿನಲ್ಲಿ ಬಿಳಿ ನೊರೆ, ಉಸಿರಿಗೊಮ್ಮೆ ಗುಳುಗುಳು ಸದ್ದು.

“ಎಂತ ಕುಡಿಸಿದ್ದು ಇದಕ್ಕೆ?”

ಶರಣಮ್ಮನಿಗೆ ಮಂಗಳೂರಿನ ಕನ್ನಡ ತಿಳಿಯಲಿಲ್ಲ. ಡಾಕ್ಟರಿಗೆ ಕಲಬುರಗಿಯದು ಪೂರ್ತಿ ತಿಳಿಯಲಿಲ್ಲ. ಕನ್ನಡದಿಂದ ಕನ್ನಡಕ್ಕೆ ತರ್ಜುಮೆ ಮಾಡುವ ಭಾಗ್ಯ ಹುಬ್ಬಳ್ಳಿಯವಳದಾಯಿತು. ಹಾಲು ಎಂದಳು ಶರಣಮ್ಮ. ಗಾಯಗೊಂಡ ನಾಗಪ್ಪನನ್ನು ಸಮಾಧಾನ ಮಾಡಬೇಕಲ್ಲವೇ, ತಮ್ಮೂರಲ್ಲಿ ಪಂಚಮಿಗೆ ಹುತ್ತಕ್ಕೆ ಎರೆಯುತ್ತಾರಲ್ಲವೇ, ಅದಕ್ಕೆ ಕಡ್ಡಿಯಿಂದ ಬಾಯಿ ಅಗಲಿಸಿ, ಅರಿಶಿನ ಹಾಕಿದ ಹಾಲನ್ನು ಒಳಗೆ ಹೊಯ್ದಿದ್ದಳು. ವಿಷದ ಹಾವಿನ ಬಾಯಿಯನ್ನು ಬರಿಗೈಯಲ್ಲಿ ತೆರೆದಿದ್ದಳು ಮಹಾತಾಯಿ! ಕೈ ಮುಗಿಯಬೇಕೋ ಕಪಾಳಕ್ಕೆ ಬಿಗಿಯಬೇಕೋ ನನಗೆ ತಿಳಿಯಲಿಲ್ಲ.

ಡಾಕ್ಟರು ಬೈಯಲಿಲ್ಲ. “ಹಾಲು ಹೊಟ್ಟೆಗೆ ಹೋಗಲಿಲ್ಲ, ಶ್ವಾಸಕ್ಕೆ ಹೋಗಿದೆ. ಗಾಯ ಹೊಲಿಯಬಹುದು. ಈ ಹಾಲು ತೆಗಿಲಿಕ್ಕೆ ನನ್ನ ಕೈಲಿ ಆಗುದಿಲ್ಲ. ಮದ್ದು ಕೊಟ್ಟು ಕಾಯಬೇಕು,” ಎಂದರು. ಫಾರೆಸ್ಟ್ ಆಫೀಸಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ಆಮೇಲೆ ಬಸಪ್ಪನ ಕಡೆ ತಿರುಗಿದರು.

ಬಸಪ್ಪ ಗೋಡೆಗೆ ಒರಗಿ ನಿಂತಿದ್ದ. ಬಲಗೈ ನಡುಗುತ್ತಿತ್ತು. ಚಳಿಗೆ ನಡುಗುವ ಹಾಗಲ್ಲ; ಆ ಕೈಯೊಂದೇ, ಮೊಳಕೈಯಿಂದ ಕೆಳಗೆ. ಶರಣಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಅವರ ಕಡೆ ನಾಗಪ್ಪನಿಗೆ ಏಟು ಹಾಕಿದವನ ಕೈ ಬಿದ್ದುಹೋಗುತ್ತದೆ ಎಂಬ ನಂಬಿಕೆ ಇದೆಯಂತೆ. ಸಲಿಕೆ ಬಿದ್ದ ಗಳಿಗೆಯಿಂದ ಕೈ ಹೀಗಾಗಿದೆ. “ತೋಡೋ ಕೈ ಬಿದ್ರ ನಾವು ಉಂಬೋದೇನ್ರಿ ಯಕ್ಕಾ? ಇದು ಬದುಕಿದ್ರ ಅವರ ಕೈ ಬದುಕ್ತದ. ಇದು ಹೋದ್ರ ಹೋತು,” ಎಂದಳು. ಆ ಮಳೆಗಾಲದಲ್ಲಿ ನಾವೆಲ್ಲ ಒಂದು ಹಾವಿನ ಉಸಿರನ್ನು ಎಣಿಸುತ್ತಾ ಕೂತದ್ದು ಇದಕ್ಕೇ.

“ಬಸಪ್ಪ, ಬನ್ನಿ. ಮೈ ಹಿಡಿಲಿಕ್ಕೆ ಜನ ಬೇಕು,” ಎಂದರು ಡಾಕ್ಟರು.

“ಈ ಕೈಲೆ ಬ್ಯಾಡ್ರಿ ಸಾಹೇಬ್ರ. ಈ ಕೈ ಮುಟ್ಟಬಾರ್ದು.” ಅವನ ಬಾಯಿಂದ ಹೊರಟ ಮೊದಲ ಮಾತು ಅದು.

“ಹಾಗಾದ್ರೆ ಯಾರು ಹಿಡಿಯುದು? ಸುಮಿತ್ರಮ್ಮ ಆಗಲೇ ಗಿರಣಿ ದಾಟಿ ಆಯ್ತು. ನನಗೆ ಇರುದು ಎರಡೇ ಕೈ. ಬನ್ನಿ ಮಾರಾಯ್ರೆ.”

ಪಾರದರ್ಶಕ ಪ್ಲಾಸ್ಟಿಕ್ ಪೈಪೊಂದರಲ್ಲಿ ಹಾವಿನ ತಲೆ ನುಗ್ಗುವಂತೆ ಮಾಡಿ, ಅದು ಹಿಂದಕ್ಕೆ ಬಾರದ ಹಾಗೆ ಪಟ್ಟಿ ಸುತ್ತಿದರು. ಆಮೇಲೆ ನಡುಮೈಯನ್ನು ಬಸಪ್ಪನ ಎರಡೂ ಅಂಗೈಗಳ ಮೇಲೆ ಇಟ್ಟರು. ಅರಿಶಿನವನ್ನು ಚೂರು ಚೂರೇ ತೊಳೆದು ತೆಗೆಯಲು ಎಷ್ಟು ಹೊತ್ತು ಹಿಡಿಯಿತೋ! ಆಮೇಲೆ ಹೊಲಿಗೆ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಡಾಕ್ಟರ ಬೆರಳುಗಳು ಜರಿ ಸೀರೆಯ ಅಂಚು ಹೊಲಿಯುವವರ ಹಾಗೆ ಅವಸರವಿಲ್ಲದೆ ಓಡಾಡುತ್ತಿದ್ದವು. ಅವರನ್ನು ನೋಡಿ ನನಗೆ ಅದೆಷ್ಟು ಗೌರವ ಬಂತೆಂದು ಹೇಳಲಾರೆ. ಅದರ ನಡುವೆ ಇನ್ನೊಂದು ಕಂಡಿತು. ಹಾವಿನ ಮೈ ಹಿಡಿದ ಬಸಪ್ಪನ ಬಲಗೈ ನಡುಗುತ್ತಿರಲಿಲ್ಲ. ಹಾವನ್ನು ಪೆಟ್ಟಿಗೆಗೆ ಬಿಟ್ಟ ಕೂಡಲೇ ಮತ್ತೆ ನಡುಗತೊಡಗಿತು.

ಅವರು ಹೋದ ಮೇಲೆ ನಾನು ತಡೆಯಲಾರದೆ ಹೇಳಿದೆ, “ಡಾಕ್ಟ್ರೇ, ನೋಡಿದ್ರಿಲ್ಲೋ? ಹಿಡದಾಗ ಕೈ ಗಟ್ಟಿ ಇತ್ತು! ನಾಳೆ ಬರ್ತಾನಲ್ಲ, ಹೇಳೇಬಿಡ್ತೀನಿ.”

“ಎಂತ ಹೇಳುದು ಬೇಡ. ಹೇಳಿದ್ರೆ ಅವ ತನ್ನ ಕೈಯನ್ನೇ ನೋಡ್ತಾ ಕೂತ್ಕೊಳ್ತಾನೆ. ಮತ್ತೆ ಹಿಡಿವಾಗ್ಲೂ ನಡುಗ್ತದೆ. ನಿಮಗೆ ಕಷ್ಟ ಅಂತ ಗೊತ್ತುಂಟು, ಆದ್ರೂ ಬಾಯಿ ಸ್ವಲ್ಪ ಬಂದ್ ಇಟ್ಕೊಳ್ಳಿ.”

ಆ ದಿನದಿಂದ ಬಸಪ್ಪ ದಿನಾ ಬಂದ. ಪಟ್ಟಿ ಬದಲಿಸುವಾಗ, ಸೂಜಿ ಚುಚ್ಚುವಾಗ ಅವನೇ ಹಿಡಿಯಬೇಕು. ಬೇರೆ ಯಾರಾದರೂ ಹಿಡಿಯಬಹುದಿತ್ತು. ಹಾವು ಹಿಡಿಯುವ ಒಬ್ಬರು ಡಾಕ್ಟರ ಸ್ನೇಹಿತರೇ ಇದ್ದರು, ಒಮ್ಮೆ ತಾವಾಗಿ ಬಂದು ನಿಂತರು ಕೂಡ. ಡಾಕ್ಟರು ಅವರಿಗೆ ಚಹಾ ಕುಡಿಸಿ ಕಳಿಸಿ, ಬಸಪ್ಪನಿಗಾಗಿ ಕಾದರು. ಇವರು ಎರಡು ಪೇಷಂಟುಗಳನ್ನು ನೋಡುತ್ತಿದ್ದಾರೆ ಎಂದು ನನಗೆ ಆಗ ತಿಳಿಯಿತು. ಎರಡನೆಯ ಪೇಷಂಟಿಗೆ ಅದು ಗೊತ್ತಿರಲಿಲ್ಲ.

ಆದರೆ ಸೈಟಿನಲ್ಲಿ ಅವನು ಸಲಿಕೆ ಮುಟ್ಟುತ್ತಿರಲಿಲ್ಲ. ಹಿಡಿಯಲು ಹೋದರೆ ಕೈಯಿಂದ ಜಾರಿ ಬೀಳುತ್ತಿತ್ತಂತೆ. ಮುನ್ಸಿಪಾಲ್ಟಿ ಆಸ್ಪತ್ರೆಯಲ್ಲಿ ತೋರಿಸಿದರು. ಏನೂ ಆಗಿಲ್ಲ ಎಂದು ಗುಳಿಗೆ ಕೊಟ್ಟು ಕಳಿಸಿದರು. ಕೆಲಸ ಮಾಡಿಸುವ ಮುಕಾದಮ ಮೊದಲ ಕೆಲವು ವಾರ ಸುಮ್ಮನಿದ್ದ. ಆಮೇಲೆ ಹೇಳಿಯೇಬಿಟ್ಟ: ಶ್ರಾವಣ ಮುಗಿಯುವುದರೊಳಗೆ ಸಲಿಕೆ ಹಿಡಿದರೆ ಸರಿ, ಇಲ್ಲದಿದ್ದರೆ ಜೋಪಡಿ ಖಾಲಿ ಮಾಡಿ ಊರಿಗೆ ಹೋಗಿ. ಊರಿನಲ್ಲಿ ಅವರಿಗೆ ಒಂದು ಗುಂಟೆ ನೆಲವೂ ಇರಲಿಲ್ಲ. ಇದನ್ನು ಹೇಳುವಾಗ ಶರಣಮ್ಮ ಅಳಲಿಲ್ಲ. ಹಾವಿನ ಪೆಟ್ಟಿಗೆಯ ಕಡೆಗೆ ಕೈ ಮುಗಿದು, “ನೀನೇ ನೋಡಪ್ಪಾ,” ಎಂದಳು ಅಷ್ಟೇ.

ಜುಲೈ ನಡುವೆ ಆ ಮಳೆ ಬಂತು. ಠಾಣೆಯ ಮಳೆ ಕಂಡವರಿಗೆ ವರ್ಣಿಸಿ ಹೇಳಬೇಕಿಲ್ಲ, ಕಾಣದವರಿಗೆ ಹೇಳಿದರೆ ನಂಬುವುದಿಲ್ಲ. ಬೆಳಿಗ್ಗೆಯೇ ಕರೆಂಟ್ ಹೋಯಿತು. ಹಾವಿಗೆ ಬೆಚ್ಚಗಿರಲೆಂದು ಪೆಟ್ಟಿಗೆಯ ಪಕ್ಕ ಹಚ್ಚಿಟ್ಟ ಬಲ್ಬ್ ಆರಿತು. ಹಾವಿನ ಮೈ ತಣ್ಣಗಾದರೆ ಮದ್ದು ಕೆಲಸ ಮಾಡುವುದಿಲ್ಲ ಎಂದು ಡಾಕ್ಟರು ನೂರು ಸಲ ಹೇಳಿದ್ದರು. ಲೋಕಲ್ ನಿಂತಿದೆ, ಡಾಕ್ಟರು ಬರುವುದಿಲ್ಲ ಎಂದು ಗಿರಣಿಯವನು ಹೇಳಿದ. ಬೀಗದ ಕೈ ನನ್ನ ಹತ್ತಿರವೇ ಇತ್ತು. ನಾನು ಸೀರೆ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ಈಸಿದಂತೆ ದವಾಖಾನೆಗೆ ಹೋದರೆ, ಶಟರಿನ ಮುಂದೆ ಗಂಡ ಹೆಂಡತಿ ಇಬ್ಬರೂ ತಲೆಗೆ ಪ್ಲಾಸ್ಟಿಕ್ ಹೊದ್ದು ಕೂತಿದ್ದರು.

ಒಳಗೆ ಹಾವು ಬಾಯಿ ತೆರೆದುಕೊಂಡು ಉಸಿರಾಡುತ್ತಿತ್ತು. ಒಂದು ಉಸಿರು ತೆಗೆದುಕೊಂಡರೆ ಇನ್ನೊಂದು ಬರುತ್ತದೋ ಇಲ್ಲವೋ ಅನ್ನುವಷ್ಟು ತಡ. ಶರಣಮ್ಮ ಡಾಕ್ಟರ ಚಹದ ಸ್ಟೋ ಹಚ್ಚಿ ನೀರು ಕಾಯಿಸಿದಳು. ರಬ್ಬರಿನ ಚೀಲ, ಗ್ಲೂಕೋಸಿನ ಬಾಟಲಿ, ನನ್ನ ಮನೆಯ ಸ್ಟೀಲ್ ಡಬ್ಬಿ, ಸಿಕ್ಕಿದ್ದಕ್ಕೆಲ್ಲ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಪೆಟ್ಟಿಗೆಯ ಅಡಿಗೂ ಪಕ್ಕಕ್ಕೂ ಇಟ್ಟೆವು. ಬಸಪ್ಪ ಒಂದೊಂದನ್ನೂ ಕೆನ್ನೆಗೆ ತಾಗಿಸಿ ನೋಡುತ್ತಿದ್ದ. ಆರಿದ್ದನ್ನು ಹೆಂಡತಿಗೆ ಕೊಟ್ಟು ಬಿಸಿಯದನ್ನು ಇಡುತ್ತಿದ್ದ. ನಾನೂ ಮಾತಾಡಲಿಲ್ಲ. ನನ್ನ ಜೀವಮಾನದಲ್ಲಿ ಎಚ್ಚರವಿದ್ದು ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೊಂದೇ ದಿನ.

ಮಧ್ಯಾಹ್ನ ಕಳೆದ ಮೇಲೆ ಶಟರಿನ ಕೆಳಗಿನಿಂದ ಕೆಸರು ಕಾಲುಗಳೆರಡು ಕಂಡವು. ಡಾಕ್ಟರು! ಗಾಡಿ ಕಳವಾ ಸ್ಟೇಷನ್ನಿನ ಹತ್ತಿರ ನಿಂತುಬಿಟ್ಟಿತ್ತಂತೆ. ಇಳಿದು, ಹಳಿಯ ಮೇಲೆ ನಡೆದು, ಖಾಡಿಯ ಹಿನ್ನೀರಿನ ಮೇಲಿನ ಸೇತುವೆ ದಾಟಿ, ಠಾಣೆ ಸ್ಟೇಷನ್ನಿನಿಂದ ಸೊಂಟದ ತನಕ ನೀರಿನಲ್ಲಿ ಬಂದಿದ್ದರು. ಮದ್ದಿನ ಚೀಲವನ್ನು ತಲೆಯ ಮೇಲೆ ಹೊತ್ತಿದ್ದರು. ಕನ್ನಡಕದ ಒಂದು ಗಾಜು ಎಲ್ಲೋ ಬಿದ್ದುಹೋಗಿತ್ತು.

“ಉಸಿರುಂಟಾ?” ಎಂದು ಕೇಳಿದರು.

“ಅದಾರಿ ಸಾಹೇಬ್ರ,” ಎಂದ ಬಸಪ್ಪ.

ಡಾಕ್ಟರು ಪೆಟ್ಟಿಗೆಯ ಸುತ್ತ ಸಾಲಾಗಿ ಕೂತ ಡಬ್ಬಿ ಬಾಟಲಿಗಳನ್ನು ನೋಡಿದರು. ಒದ್ದೆ ಅಂಗಿಯಿಂದಲೇ ಮುಖ ಒರೆಸಿಕೊಂಡು, “ಹಿಡೀರಿ ಬಸಪ್ಪ, ಇಂಜೆಕ್ಷನ್ ಕೊಡುವ,” ಎಂದರು. ಯಾರಿಗೂ ಸೇರದ ಒಂದು ಹಾವಿಗಾಗಿ ಇಂಥ ಮಳೆಯಲ್ಲಿ ನಡೆದು ಬಂದ ಮನುಷ್ಯನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಮನೆಗೆ ಹೋಗಿ ನಮ್ಮವರ ಮುಂದೆ ಹೇಳುವಾಗ ನನಗೆ ಅಳು ಬಂತು.

ಆ ವಾರ ದಾಟಿತು. ನೊರೆ ನಿಂತಿತು. ಬಾಯಿ ಮುಚ್ಚಿಕೊಂಡು ಉಸಿರಾಡತೊಡಗಿತು. ಒಂದು ಮಧ್ಯಾಹ್ನ ಪೆಟ್ಟಿಗೆಯ ಮುಚ್ಚಳದ ಬಟ್ಟೆ ಸರಿಸಿದ್ದೇ ತಡ, ಹೆಡೆ ಬಿಚ್ಚಿ, ‘ಬುಸ್ಸ್’ ಎಂದು ಜಾಲರಿಗೆ ಹೊಡೆಯಿತು. ನಾನು ಕಿರುಚಿದೆ. ಡಾಕ್ಟರು ಚಪ್ಪಾಳೆ ತಟ್ಟಿ ನಕ್ಕುಬಿಟ್ಟರು. ಅವರ ನಿಯಮವನ್ನು ಅವರೇ ಅಷ್ಟು ಜೋರಾಗಿ ಮುರಿದದ್ದು ಆಗಲೇ.

“ಸಿಟ್ಟು ಬಂತು! ಸಿಟ್ಟು ಬಂತಲ್ಲ ಮಾರಾಯ್ರೆ, ಇನ್ನು ಹೆದರಿಕೆ ಇಲ್ಲ!”

ಬಸಪ್ಪ ಮಾತ್ರ ಗೋಡೆಗೆ ಅಂಟಿಕೊಂಡಿದ್ದ. “ನನ್ನ ಮ್ಯಾಲೆ ಸಿಟ್ಟರಿ ಅದಕ. ನನ್ನ ಗುರ್ತು ಹಿಡದದ.”

“ಹೌದಾ? ನಿಲ್ಲಿ.” ಡಾಕ್ಟರು ತಾವೇ ಪೆಟ್ಟಿಗೆಯ ಮುಂದೆ ಬಗ್ಗಿದರು. ಬುಸ್ಸ್! ನನ್ನನ್ನು ಕರೆದರು. ನಾನು ಕಣ್ಣು ಮುಚ್ಚಿಕೊಂಡೇ ಬಗ್ಗಿದೆ. ಬುಸ್ಸ್! ಶರಣಮ್ಮನಿಗೂ ಬುಸ್ಸ್. ಕೊನೆಗೆ ಗಿರಣಿಯವನನ್ನು ಕರೆದು ತೋರಿಸಿದರು. ಅವನಿಗಂತೂ ಎರಡು ಸಲ.

“ನೋಡಿ, ಹಿಟ್ಟು ಬೀಸುವವ ಎಂತ ಮಾಡಿದ್ದ ಇದಕ್ಕೆ? ಎಲ್ಲರಿಗೂ ಒಂದೇ ಲೆಕ್ಕ. ನಿಮ್ಮ ಹೆಸರು ಬರೆದು ಇಟ್ಕೊಂಡಿಲ್ಲ ಅದು.”

ಬಸಪ್ಪ ಮುಗುಳ್ನಕ್ಕದ್ದನ್ನು ಅವತ್ತು ಮೊದಲ ಸಲ ಕಂಡೆ.

ಶ್ರಾವಣ ಬಂತು, ಹಾವು ಪೊರೆ ಬಿಟ್ಟಿತು. ಪೊರೆಯ ಜೊತೆಗೇ ಹೊಲಿಗೆಯ ದಾರಗಳೂ ಬಂದವು. ಕೆಳಗೆ ಹೊಸ ಚರ್ಮ, ಅಡ್ಡಕ್ಕೆ ಒಂದು ಮಸುಕು ಗೆರೆ. ಇನ್ನು ಬಿಡಬಹುದು ಎಂದು ಡಾಕ್ಟರು ಫಾರೆಸ್ಟಿನವರಿಗೆ ಹೇಳಿ ಕಳಿಸಿದರು. ಅವರ ಜೀಪು ಬರುವುದರೊಳಗೆ ನಾಗರಪಂಚಮಿ ಬಂದುಬಿಟ್ಟಿತು.

ದವಾಖಾನೆಯಲ್ಲಿ ಜೀವಂತ ನಾಗಪ್ಪ ಇದ್ದಾನೆಂಬ ಸುದ್ದಿಯನ್ನು ಕಾಲೊನಿಗೆ ಹಬ್ಬಿಸಿದವರು ಯಾರು? ಗಿರಣಿಯವನು. ನಾನಲ್ಲ, ಆಣೆ ಮಾಡಿ ಹೇಳುತ್ತೇನೆ. ಬೆಳಿಗ್ಗೆ ಹೋಗಿ ನೋಡಿದರೆ ಶಟರಿನ ಮುಂದೆ ಜಾತ್ರೆ. ನಮ್ಮ ಕಡೆಯ ಹೆಂಗಸರು, ಮರಾಠಿ ಹೆಂಗಸರು, ಎಲ್ಲರ ಕೈಯಲ್ಲೂ ಹಾಲಿನ ಗಿಂಡಿ, ಅಳ್ಳು, ತಂಬಿಟ್ಟು, ಅರಿಶಿನ. ಡಾಕ್ಟರು ಕೈ ಮುಗಿದು, ಹಾವು ಹಾಲು ಕುಡಿಯುವ ಪ್ರಾಣಿಯಲ್ಲ ಎಂದು ಮರಾಠಿಯಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಹೇಳಿದರು. ಯಾರು ಕೇಳುತ್ತಾರೆ? ವರ್ಷಕ್ಕೊಂದು ದಿನ, ಒಂದೇ ಒಂದು ಚಮಚ, ಏನಾಗುತ್ತದೆ ಎಂದು ಅವರ ವಾದ. ಹಿಂದಿನವರು ಮುಂದಿನವರನ್ನು ತಳ್ಳುತ್ತಿದ್ದರು.

ಆಗ ಶರಣಮ್ಮ ಬಂದಳು. ಹಬ್ಬದ ಹಸಿರು ಸೀರೆ ಉಟ್ಟಿದ್ದಳು. ನೇರ ಹೋಗಿ ಹೊಸ್ತಿಲ ಮೇಲೆ ಎರಡೂ ಕೈ ಅಗಲಿಸಿ ನಿಂತಳು.

“ಯವ್ವಾ, ನನ್ನ ಮಾತ ಕೇಳ್ರಿ. ಇದಕ ಹಾಲು ಕುಡಿಸ್ದಾಕಿ ನಾನು. ಭಕ್ತಿಲೆ ಕುಡಿಸೀನಿ. ಆ ಹಾಲು ಎದಿಯಾಗ ಹೋಗಿ ಕುಂತು ಇದರ ಜೀವ ಹೋಗ್ಲಿಕತ್ತಿತ್ತು. ಸಲಿಕಿ ಗಾಯ ಬ್ಯಾಗ ಮಾಯಿತು, ನಾ ಕುಡಿಸಿದ ಹಾಲಿನ ಗಾಯ ಲಗೂ ಮಾಯ್ಲಿಲ್ಲ. ಈ ಡಾಕ್ಟ್ರು ನೀರಾಗ ನಡಕೊಂಡು ಬಂದು ಉಳಿಸ್ಯಾರ. ಹಾಲು ಎರೀಬೇಕಂದ್ರ ಇಲ್ಲೇ ಹೊಸ್ತಿಲಕ ಎರೀರಿ. ಒಳಗ ಬರೋದಾದ್ರ ನನ್ನ ತುಳದು ಬರ್ರಿ.”

ನಾನು ಮರಾಠಿಗೆ ತಿರುಗಿಸಲು ಬಾಯಿ ತೆರೆದೆ, ಬೇಕಾಗಲಿಲ್ಲ. ಅವಳ ಮುಖ ನೋಡಿಯೇ ಎಲ್ಲರಿಗೂ ತಿಳಿದಿತ್ತು. ಮುಂದೆ ನಿಂತಿದ್ದ ಮುದುಕಿಯೊಬ್ಬಳು ಬಗ್ಗಿ, ದೇವರ ಪಾಲು, ಹಿರಿಯರ ಪಾಲು ಎನ್ನುತ್ತಾ ಹೊಸ್ತಿಲಿಗೆ ಒಂದೊಂದೇ ಚಮಚ ಎರೆದಳು. ಮಿಕ್ಕವರೂ ಹಾಗೇ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಹೊಸ್ತಿಲಿನಿಂದ ಗಟಾರದ ತನಕ ಹಾಲು ಹರಿದು, ಮಾರ್ಕೆಟ್ಟಿನ ಬೆಕ್ಕುಗಳಿಗೆಲ್ಲ ಪಂಚಮಿಯಾಯಿತು. ಡಾಕ್ಟರು ಶರಣಮ್ಮನಿಗೆ ಚಹಾ ಮಾಡಿ ತಾವೇ ತಂದುಕೊಟ್ಟರು.

ಅದಾದ ವಾರದೊಳಗೆ ಫಾರೆಸ್ಟ್ ಗಾರ್ಡ್ ಜೀಪು ತಂದ. ಡಾಕ್ಟರು, ನಾನು, ಗಂಡ ಹೆಂಡತಿ, ನಡುವೆ ಬಟ್ಟೆಯ ಚೀಲದಲ್ಲಿ ನಾಗಪ್ಪ. ಯೇವೂರಿನ ಕಾಡಿನ ಅಂಚಿಗೆ ಹೋದೆವು. ಆಗಷ್ಟೇ ಮಳೆ ನಿಂತು ಎಲೆಗಳಿಂದ ಹನಿ ಬೀಳುತ್ತಿತ್ತು. ಬಿದಿರಿನ ಮೆಳೆಯ ಹತ್ತಿರ ಡಾಕ್ಟರು ಚೀಲವನ್ನು ಕೆಳಗಿಟ್ಟು, ದಾರ ಬಿಚ್ಚಿ, ಉದ್ದ ಕೋಲಿನಿಂದ ಅದನ್ನು ಮಗುಚಿದರು. ಹಾವು ಹೊರಗೆ ಬಂತು, ತಲೆ ಎತ್ತಿ ನಾಲಗೆ ಹೊರಹಾಕಿ ಗಾಳಿ ನೋಡಿತು. ನಮ್ಮ ಕಡೆ ತಿರುಗಲಿಲ್ಲ. ಹುಲ್ಲು ಸ್ವಲ್ಪ ಅಲ್ಲಾಡಿತು, ಆಮೇಲೆ ಅಲ್ಲಾಡಲಿಲ್ಲ. ಅಷ್ಟೇ. ಇಷ್ಟು ದಿನದ ಆರೈಕೆಗೆ ಒಂದು ಹೆಡೆ ಎತ್ತಿ ನಮಸ್ಕಾರ ಬೇಡವೇ ಎಂದು ನಾನು ಗೊಣಗಿದೆ. “ಹೋಯ್ತಲ್ಲ, ಅದೇ ನಮಸ್ಕಾರ,” ಎಂದರು ಡಾಕ್ಟರು.

ಬಸಪ್ಪ ಬಹಳ ಹೊತ್ತು ಆ ಹುಲ್ಲನ್ನೇ ನೋಡುತ್ತಿದ್ದ. ಶರಣಮ್ಮ ನೋಡುತ್ತಿದ್ದದ್ದು ಅವನ ಬಲಗೈಯನ್ನು. ಅದು ಪಂಚೆಯ ಅಂಚನ್ನು ಹಿಡಿದುಕೊಂಡಿತ್ತು. ನಡುಗುತ್ತಿತ್ತೋ ಇಲ್ಲವೋ ತಿಳಿಯುವಂತಿರಲಿಲ್ಲ. ಕೇಳಲು ಅವಳಿಗೆ ಧೈರ್ಯವಿರಲಿಲ್ಲ, ನನಗೂ ಇರಲಿಲ್ಲ. ಎಲ್ಲರೂ ಜೀಪು ಹತ್ತಿದೆವು.

ಜೀಪು ಏಳಲಿಲ್ಲ. ಚಕ್ರಗಳು ಕೆಸರಿನಲ್ಲಿ ಹೂತು, ಗಾರ್ಡ್ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಗರಗರ ತಿರುಗಿ ಇನ್ನೂ ಆಳಕ್ಕಿಳಿದವು. ಎಲ್ಲರೂ ಇಳಿದೆವು. ಗಾರ್ಡ್ ಬೈದುಕೊಳ್ಳುತ್ತಾ ಜೀಪಿನ ಹಿಂದಿನಿಂದ ಸಲಿಕೆ ತೆಗೆದು, ಮುಂದಿನ ಚಕ್ರದ ಬುಡಕ್ಕೆ ಬೀಸಿ ಬೀಸಿ ಹಾಕತೊಡಗಿದ. ಕೆಸರೆಲ್ಲ ಅವನ ಮುಖಕ್ಕೇ ಹಾರುತ್ತಿತ್ತು.

“ಏ, ಹಂಗಲ್ಲೋ ಭಾವೂ! ಹಂಗ ಹೊಡದ್ರ ಇನ್ನಾ ತಳಕ ಹೋಗ್ತದ. ತಾ ಇಲ್ಲಿ!” ಎಂದು ಬಸಪ್ಪ ಮುಂದೆ ಹೋಗಿ ಅವನ ಕೈಯಿಂದ ಸಲಿಕೆ ಕಸಿದುಕೊಂಡ.

ಮೊದಲು ಸಲಿಕೆಯ ಹಿಡಿಯಿಂದ ಸುತ್ತಲಿನ ಹುಲ್ಲನ್ನು ಮೆಲ್ಲಗೆ ತಟ್ಟಿದ. ಯಾವ ಜೀವವೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಕಾಲು ಅಗಲಿಸಿ ನಿಂತು ತೋಡಿದ. ಒಂದು ಏಟಿಗೆ ಒಂದು ಹೆಂಟೆ, ಅಂಚು ಕೊಯ್ದಂತೆ. ಶರಣಮ್ಮ ನನ್ನ ಮುಂಗೈ ಹಿಡಿದಳು. ಬಳೆ ಒಡೆಯುವಷ್ಟು ಬಿಗಿ. ಬಾಯಿಗೆ ಸೆರಗು ತುರುಕಿಕೊಂಡಿದ್ದಳು, ಕಣ್ಣಿಂದ ನೀರು ಧಾರಾಕಾರ. ನಾನು ಡಾಕ್ಟರನ್ನು ನೋಡಿದೆ. ಅವರು ಆಚೆ ತಿರುಗಿ, ಕನ್ನಡಕ ತೆಗೆದು, ಒರೆಸಿದ್ದನ್ನೇ ಒರೆಸುತ್ತಿದ್ದರು.

ಬಸಪ್ಪ ಚಕ್ರದ ಮುಂದೆ ದಾರಿ ಬಿಡಿಸಿ, ಸಲಿಕೆಗೆ ಒರಗಿ ನಿಂತು ಬೆವರು ಒರೆಸಿಕೊಂಡ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಅವನಿಗೆ ಆಗ ಕಂಡಿತು.

“ಯಾಕ್ರಿ? ಹಂಗ್ಯಾಕ ನೋಡ್ಲಿಕತ್ತೀರಿ ಎಲ್ಲಾರೂ?”

ಡಾಕ್ಟರು ಕನ್ನಡಕ ಹಾಕಿಕೊಂಡು ಈಚೆ ತಿರುಗಿದರು.

“ಎಂತ ಇಲ್ಲ ಬಸಪ್ಪ. ಹಿಂದಿನ ಚಕ್ರದ ಅಡಿಯಲ್ಲೂ ಮಣ್ಣುಂಟು. ಅದನ್ನೂ ತೆಗೀರಿ.”

ಬಸಪ್ಪ ಸಲಿಕೆ ಎತ್ತಿಕೊಂಡು ಹಿಂದಿನ ಚಕ್ರದ ಕಡೆಗೆ ಹೋದ.